ಪಣಕ್ಕಿಟ್ಟದ್ದು ಯಾರ ಸೊತ್ತು?

ಕಾರ್ತಿಕ ಶುದ್ಧ ಪ್ರತಿಪದೆಯನ್ನು ನಾವೆಲ್ಲರೂ ಬಲಿಪಾಡ್ಯಮಿಯೆಂದು ಆಚರಿಸುತ್ತೇವೆ. ಅದೇ ತಿಥಿಗೆ ದ್ಯೂತಪ್ರತಿಪದೆ ಎಂಬ ಇನ್ನೊಂದು ಹೆಸರೂ ಉಂಟು. ಅಂದು ಪಗಡೆಯಾಡಿ ವರ್ಷದ ಶುಭಾಶುಭಗಳನ್ನು ಊಹಿಸುವ ಪದ್ಧತಿಯೂ, ಪಾರ್ವತಿಯು ಪರಮೇಶ್ವರನನ್ನು ಪಗಡೆಯಲ್ಲಿ ಗೆದ್ದಳೆಂಬ ಕಥೆಯೂ ಆ ಹೆಸರಿನ ಹಿಂದಿವೆ. ಒಂದು ದಿನದ ಈ ವಿನೋದವನ್ನೇ ಆಧಾರವಾಗಿಟ್ಟುಕೊಂಡು, "ಶಾಸ್ತ್ರವೇ ಒಪ್ಪಿದೆಯಲ್ಲ!" ಎಂದು ದೀಪಾವಳಿಯ ರಾತ್ರಿಗಳಲ್ಲಿ ಇಸ್ಪೀಟಿನ ಎಲೆ ಹಿಡಿದು ಕುಳಿತುಕೊಳ್ಳುವವರು ನಮ್ಮ ಸೀಮೆಯಲ್ಲಿ ಇಲ್ಲದಿಲ್ಲ. ಚನ್ನಗಿರಿಯ ಅಡಿಕೆಯ ತೋಟವಿರಲಿ, ಹೊನ್ನಾಳಿಯ ಭತ್ತದ ಗದ್ದೆಯಿರಲಿ, ನ್ಯಾಮತಿಯ ಮೆಕ್ಕೆಜೋಳದ ಹೊಲವಿರಲಿ, ಮಳೆಯನ್ನೇ ನೆಚ್ಚಿದ ಜಗಳೂರಿನ ನೆಲವಿರಲಿ, ಫಸಲಿನ ಹಣ ಮನೆಗೆ ಬರುವ ಹೊತ್ತಿಗೇ ಈ ಮೋಹವೂ ಬಾಗಿಲು ತಟ್ಟುತ್ತದೆ.

ಈಗ ಆಟವು ಊರಕಟ್ಟೆಯನ್ನು ಬಿಟ್ಟು ಬಹುದೂರ ನಡೆದಿದೆ. ಹುಬ್ಬಳ್ಳಿಯ ಮಾರ್ಗವಾಗಿ ಗೋವೆಗೆ ಹೋಗಿ, ಪಣಜಿಯ ಮಾಂಡವಿ ನದಿಯಲ್ಲಿ ನಿಂತಿರುವ ಕ್ಯಾಸಿನೋ ಹಡಗುಗಳನ್ನು ಏರಿ ಬರುವವರುಂಟು. ಊರಿನಲ್ಲಿ ಗುಟ್ಟಾಗಿ ನಡೆಯುವ ಅಂದರ್ ಬಾಹರ್ ಆಟವೇ ಅಲ್ಲಿ ದೀಪಾಲಂಕಾರದ ನಡುವೆ, ಸರಕಾರದ ಪರವಾನಗಿಯೊಂದಿಗೆ ನಡೆಯುತ್ತದೆ. "ಒಮ್ಮೆ ನೋಡಿ ಬರುತ್ತೇವೆ, ಮಿತಿಯಲ್ಲಿ ಆಡುತ್ತೇವೆ. ಇದರಲ್ಲಿ ದೋಷವೇನು?" ಎಂದು ತರುಣರು ಕೇಳುತ್ತಾರೆ. ಗದರಿಸಿದ ಮಾತ್ರಕ್ಕೆ ಈ ಪ್ರಶ್ನೆ ಅಡಗುವಂಥದಲ್ಲ. ಹೇಳದೆ ಹೋಗುವಂತಾಗುತ್ತದೆ, ಅಷ್ಟೆ. ಆದುದರಿಂದ ಮಿತವಾದ ಜೂಜು ಎಂಬುದೊಂದು ಇದೆಯೆ, ಇದ್ದರೆ ಆ ಮಿತಿಯನ್ನು ನಿರ್ಣಯಿಸತಕ್ಕವರು ಯಾರು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಈ ವಿಷಯದಲ್ಲಿ ಪ್ರಾಚೀನರದೇ ಎರಡು ಮಾತುಗಳಿವೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ದಾಳಗಳಿಂದ ಆಡುವ ದ್ಯೂತವನ್ನೂ, ಪ್ರಾಣಿಗಳನ್ನು ಕಾದಾಡಿಸುವ ಸಮಾಹ್ವಯವನ್ನೂ ರಾಜನು ತನ್ನ ರಾಜ್ಯದಿಂದಲೇ ದೂರ ಮಾಡಬೇಕೆಂದು ವಿಧಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವಾದರೋ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಒಂದೇ ಸ್ಥಳದಲ್ಲಿ ಆಡಿಸಿ, ಗೆದ್ದ ಹಣದಲ್ಲಿ ನೂರಕ್ಕೆ 5ರಂತೆ ಬೊಕ್ಕಸಕ್ಕೆ ತೆಗೆದುಕೊಳ್ಳಲು ಹೇಳುತ್ತದೆ. ಇಂದಿನ ಕಾನೂನುಗಳಲ್ಲಿಯೂ ಇದೇ ದ್ವೈವಿಧ್ಯವನ್ನು ಕಾಣುತ್ತೇವೆ. ಕರ್ನಾಟಕದಲ್ಲಿ 1963ರ ಪೊಲೀಸ್ ಅಧಿನಿಯಮವು ಜೂಜಿನ ಅಡ್ಡೆಗಳನ್ನು ಅಪರಾಧವೆಂದು ಗಣಿಸಿದೆ. 2007ರಲ್ಲಿ ಲಾಟರಿ ನಿಂತಿತು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಮೊಬೈಲು ಮೊದಲಾದವುಗಳ ಮೂಲಕ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಅಧಿನಿಯಮವನ್ನು ಅಂಗೀಕರಿಸಿತು. ಗೋವೆಯಲ್ಲಾದರೆ 1976ರ ಜೂಜು ಅಧಿನಿಯಮಕ್ಕೆ 1992ರಲ್ಲಿಯೂ 1996ರಲ್ಲಿಯೂ ತಿದ್ದುಪಡಿಗಳಾಗಿ, ಪಂಚತಾರಾ ಹೋಟೆಲುಗಳಿಗೂ ಹಡಗುಗಳಿಗೂ ಅನುಮತಿ ದೊರೆಯಿತು. ಆದರೆ ಅದೇ ಗೋವೆಯ ಸರಕಾರವು 2020ರ ಫೆಬ್ರವರಿಯಿಂದ ಗೋವೆಯ ನಿವಾಸಿಗಳು ಆಡಲು ಒಳಗೆ ಹೋಗಕೂಡದೆಂದು ನಿರ್ಬಂಧ ಹಾಕಿತು. ತನ್ನ ಮನೆಯ ಮಕ್ಕಳಿಗೆ ಬಡಿಸಲು ಒಲ್ಲದ ಅಡಿಗೆಯನ್ನು ಅತಿಥಿಗಳಿಗೆ ಬಡಿಸುವುದೆಂದರೆ ಅದರಲ್ಲಿ ಏನಿದೆಯೆಂದು ನಾವು ಯೋಚಿಸಬೇಡವೆ?

ಶ್ರೀಮದ್ಭಾಗವತದ ಪ್ರಥಮಸ್ಕಂಧದಲ್ಲಿ ಪರೀಕ್ಷಿತನು ಕಲಿಯನ್ನು ನಿಗ್ರಹಿಸುವ ಪ್ರಸಂಗವು ಎಲ್ಲರಿಗೂ ತಿಳಿದದ್ದೇ. ಇರಲು ಸ್ಥಳ ಬೇಡಿದ ಕಲಿಗೆ ರಾಜನು ದ್ಯೂತ, ಪಾನ, ಸ್ತ್ರೀವ್ಯಸನ, ಹಿಂಸೆ ಎಂಬ ನಾಲ್ಕನ್ನು ಕೊಟ್ಟನು. ಇನ್ನೂ ಬೇಡಲಾಗಿ ಐದನೆಯದಾಗಿ ಸುವರ್ಣವನ್ನು ಕೊಟ್ಟನು. ದ್ಯೂತದಿಂದ ನಾಶವಾಗುವುದು ಸತ್ಯ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಇದು ಬಹಳ ಸೂಕ್ಷ್ಮವಾದ ಮಾತು. ಜೂಜಾಡುವವನು ಮೊದಲು ಕಳೆದುಕೊಳ್ಳುವುದು ಹಣವನ್ನಲ್ಲ. ಎಷ್ಟು ಹೋಯಿತೆಂದು ಮನೆಯಲ್ಲಿ ಕೇಳಿದಾಗ ನಿಜ ಹೇಳುವ ಶಕ್ತಿಯನ್ನು.

ಇನ್ನು ಮಿತಿಯ ವಿಚಾರ. ಕ್ಯಾಸಿನೋಗಳವರೇ ಜವಾಬ್ದಾರಿಯಿಂದ ಆಡಿರೆಂದು ಉಪದೇಶಿಸುತ್ತಾರೆ. ಇಂತಿಷ್ಟೇ ಹಣ, ಇಂತಿಷ್ಟೇ ಹೊತ್ತು ಎಂದು ಮೊದಲೇ ನಿಶ್ಚಯಿಸಿಕೊಳ್ಳಿರಿ ಎನ್ನುತ್ತಾರೆ. ಮಾತು ಸರಿಯೇ. ಆದರೆ ಮನೆಯಲ್ಲಿ ಸ್ವಸ್ಥಚಿತ್ತನಾಗಿ ಕುಳಿತು ಮಿತಿಯನ್ನು ನಿಶ್ಚಯಿಸಿದವನು ಒಬ್ಬ. ಐದು ಸಲ ಸೋತು, ಆರನೆಯ ಸಲ ಗೆದ್ದೇನೆಂಬ ಆಸೆಯಿಂದ ಮೇಜಿನ ಮುಂದೆ ಕುಳಿತವನು ಮತ್ತೊಬ್ಬ. ಹೆಸರು ಒಂದೇ, ಮನಸ್ಸು ಒಂದಲ್ಲ. ಧರ್ಮರಾಜನಂಥ ಧರ್ಮರಾಜನೇ ಮುತ್ತಿನ ಹಾರದಿಂದ ಆರಂಭಿಸಿ, ಬಂಗಾರ, ರಥ, ಆನೆ, ಕುದುರೆ, ರಾಜ್ಯಗಳನ್ನು ದಾಟಿ, ತಮ್ಮಂದಿರನ್ನೂ ತನ್ನನ್ನೂ ಇಟ್ಟು, ಕಡೆಗೆ ದ್ರೌಪದಿಯವರೆಗೆ ಬಂದನು. ಮೊದಲ ಪಣವನ್ನು ಇಡುವಾಗ ಕೊನೆಯ ಪಣವು ಯಾರಿಗೂ ಕಾಣುವುದಿಲ್ಲ.

ಆ ಸಭೆಯಲ್ಲಿ ಪಿತಾಮಹರಿಂದ ಮೊದಲಾಗಿ ಯಾರಿಗೂ ಉತ್ತರ ಹೇಳಲಾಗದ ಪ್ರಶ್ನೆಯನ್ನು ಕೇಳಿದವಳು ದ್ರೌಪದೀದೇವಿ. ರಾಜನು ತನ್ನನ್ನು ಮೊದಲು ಸೋತನೋ, ನನ್ನನ್ನು ಮೊದಲು ಸೋತನೋ? ತಾನೇ ದಾಸನಾದವನಿಗೆ ಮತ್ತೊಬ್ಬರನ್ನು ಪಣಕ್ಕಿಡುವ ಅಧಿಕಾರ ಎಲ್ಲಿಂದ ಬಂತು? ಧೃತರಾಷ್ಟ್ರನ ಮಗನೇ ಆದ ವಿಕರ್ಣನು ಎದ್ದು, ವ್ಯಸನಕ್ಕೆ ವಶನಾದವನು ಮಾಡಿದ ಕಾರ್ಯವು ಪ್ರಮಾಣವಲ್ಲವೆಂದೂ, ಆಕೆ ಐವರಿಗೂ ಸಂಬಂಧಪಟ್ಟವಳಾದುದರಿಂದ ಒಬ್ಬನೇ ಪಣವಿಡಲು ಬಾರದೆಂದೂ ವಾದಿಸಿದನು. ಜೂಜಿನ ಧರ್ಮವಿಚಾರವೆಲ್ಲವೂ ಈ ಪ್ರಶ್ನೆಯಲ್ಲಿ ಅಡಕವಾಗಿದೆಯೆಂದು ನಮಗೆ ತೋರುತ್ತದೆ. ಎಷ್ಟು ಇಟ್ಟೆ ಎಂಬುದು ಎರಡನೆಯ ಪ್ರಶ್ನೆ. ಇಟ್ಟದ್ದು ಯಾರ ಸೊತ್ತು ಎಂಬುದೇ ಮೊದಲನೆಯದು.

ಚನ್ನಗಿರಿಯ ಒಂದು ತೋಟದ ಅಡಿಕೆಯನ್ನು ನೆನೆಯೋಣ. ಇತ್ತೀಚಿನ ವರ್ಷಗಳಲ್ಲಿ ರಾಶಿ ಅಡಿಕೆಯು ಕ್ವಿಂಟಲಿಗೆ 50,000 ರೂಪಾಯಿ ದಾಟಿದ ದಿನಗಳುಂಟು. ವರ್ಷದ ದುಡಿಮೆಯೆಲ್ಲ ಒಂದೇ ಸಲ ಕೈಸೇರಿದಾಗ, ಅದು ಕೈಯಲ್ಲಿ ಹಿಡಿದವನದೇ ಎಂದು ತೋರುವುದು ಸಹಜ. ಆದರೆ ಆ ಹಣದಲ್ಲಿ ಗಿಡ ನೆಟ್ಟ ಅಜ್ಜನ ಪಾಲಿದೆ. ಕೊನೆ ಇಳಿಸಿದವರ, ಸುಲಿದವರ ಕೂಲಿಯಿದೆ. ಸೊಸೈಟಿಯ ಸಾಲದ ಕಂತಿದೆ. ಮಗಳ ಓದು, ತಾಯಿಯ ಔಷಧ, ಮುಂದಿನ ವರ್ಷದ ಗೊಬ್ಬರ ಎಲ್ಲವೂ ಇವೆ. ಇವೆಲ್ಲವನ್ನೂ ಕಳೆದು ಉಳಿಯುವುದಷ್ಟೇ ಅವನದು. ಜೂಜಿಗಾಗಿ ತಂದೆ ಮಾಡಿದ ಸಾಲವನ್ನು ಮಗನು ತೀರಿಸಬೇಕಾಗಿಲ್ಲವೆಂದು ಮನುಸ್ಮೃತಿ ಹೇಳುತ್ತದೆ; ಪಂದ್ಯದ ಒಪ್ಪಂದವು ಶೂನ್ಯವೆಂದು 1872ರ ಕರಾರು ಅಧಿನಿಯಮವೂ ಹೇಳುತ್ತದೆ. ಸಾಲವನ್ನು ಶಾಸ್ತ್ರವೂ ಕಾನೂನೂ ಮಗನ ತಲೆಯಿಂದ ಇಳಿಸಬಲ್ಲವು. ಬರಿದಾದ ಮನೆಯನ್ನು ತುಂಬಲಾರವು.

ಕೆಲವರು ಆಕ್ಷೇಪಿಸಬಹುದು: "ಬೇಸಾಯವೇ ಮಳೆಯೊಡನೆ ಆಡುವ ಜೂಜಲ್ಲವೆ? ಜಗಳೂರಿನ ರೈತನು ಪ್ರತಿವರ್ಷ ಬೀಜ, ಗೊಬ್ಬರಗಳನ್ನು ಪಣವಿಡುವುದಿಲ್ಲವೆ?" ಈ ಆಕ್ಷೇಪಕ್ಕೆ ಬಲವಿದೆ, ಬರಗಾಲವನ್ನು ಕಂಡ ಸೀಮೆಯವರೇ ಈ ಮಾತನ್ನಾಡಿದರೆ ಅಲ್ಲಗಳೆಯುವುದು ಕಷ್ಟ. ಆದರೆ ಭೇದವೂ ಇದೆ. ಹೊಲದಲ್ಲಿ ಬಿತ್ತಿದ ಒಂದು ಕಾಳು ಮಳೆ ಬಂದರೆ ನೂರಾಗುತ್ತದೆ. ಆ ನೂರು ಮತ್ತೊಬ್ಬನ ಕಣಜದಿಂದ ಬಂದದ್ದಲ್ಲ. ಜೂಜಿನ ಮೇಜಿನ ಮೇಲೆ ಯಾವ ಕಾಳೂ ಮೊಳೆಯುವುದಿಲ್ಲ. ಒಬ್ಬನ ಗೆಲವು ಇನ್ನೊಬ್ಬನ ಸೋಲು. ಇಬ್ಬರಿಂದಲೂ ಮೇಜಿನ ಒಡೆಯನಿಗೆ ಪಾಲು. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತವು ಹೆಂಡತಿಯಿಂದಲೂ ತಾಯ್ತಂದೆಗಳಿಂದಲೂ ದೂರನಾದ ಜೂಜುಗಾರನ ಗೋಳನ್ನು ವರ್ಣಿಸಿ, ದಾಳವನ್ನು ಬಿಟ್ಟು ಕೃಷಿಯನ್ನು ಹಿಡಿಯೆಂದು ಬೋಧಿಸುತ್ತದೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಆ ಋಷಿಗೂ ತಿಳಿದಿತ್ತು.

ಒಡೆಯನ ಪಾಲೆಂದೆವಷ್ಟೆ. ಅದರ ಲೆಕ್ಕವನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ರೂಲೆಟ್ ಎಂಬ ತಿರುಗುವ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ 37 ಮನೆಗಳಿರುತ್ತವೆ. ಒಂದು ಮನೆಗೆ 100 ರೂಪಾಯಿ ಇಟ್ಟು ಗೆದ್ದವನಿಗೆ, ಇಟ್ಟದ್ದೂ ಸೇರಿ 3,600 ರೂಪಾಯಿ ದೊರೆಯುತ್ತದೆ. ಎಲ್ಲ 37 ಮನೆಗಳಿಗೂ ನೂರು ನೂರು ಇಟ್ಟರೆ ವೆಚ್ಚ 3,700. ಗೆಲ್ಲುವುದು ಒಂದೇ ಮನೆಯಾದುದರಿಂದ ಬರುವುದು 3,600. ಯಾರೂ ಮೋಸ ಮಾಡದೆಯೇ ಪ್ರತಿ ಸುತ್ತಿನಲ್ಲಿ ನೂರು ರೂಪಾಯಿ ಒಡೆಯನದು. ಇಲ್ಲಿ ಶಕುನಿಯ ದಾಳ ಬೇಕಿಲ್ಲ, ಲೆಕ್ಕವೇ ಶಕುನಿ.

"ಸೋತರೆ ಇಮ್ಮಡಿ ಇಡುತ್ತ ಹೋದರಾಯಿತು, ಒಮ್ಮೆಯಾದರೂ ಗೆಲ್ಲಲೇಬೇಕಲ್ಲ" ಎಂಬ ಯುಕ್ತಿಯು ಹೊಸಬರಿಗೆ ಬಹಳ ಮೆಚ್ಚಿಗೆ. ಕೆಂಪು ಇಲ್ಲವೆ ಕಪ್ಪು ಬಣ್ಣದ ಮೇಲೆ 100, 200, 400 ಎಂದು ಇಡುತ್ತ ಏಳು ಸಲ ಸತತ ಸೋತವನು 12,700 ರೂಪಾಯಿ ಕಳೆದುಕೊಂಡು, ಎಂಟನೆಯ ಸಲಕ್ಕೆ 12,800 ಹೊಂದಿಸಬೇಕು. ಅದನ್ನು ಗೆದ್ದರೂ ಕಡೆಗೆ ಉಳಿಯುವ ಲಾಭ ಕೇವಲ 100. ಹೀಗೆ ಆರಂಭಿಸಿದ ನೂರು ಪ್ರಯತ್ನಗಳಲ್ಲಿ ಸುಮಾರು ಒಂದು ಈ ಏಳು ಸೋಲುಗಳಿಗೆ ಗುರಿಯಾಗುತ್ತದೆ. ಇದರ ಮೇಲೆ ಸರಕಾರದ ಪಾಲು ಬೇರೆ: 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೋಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 40, ಗೆದ್ದ ಹಣಕ್ಕೆ ಆದಾಯ ತೆರಿಗೆ ನೂರಕ್ಕೆ 30, ಸೋತದ್ದನ್ನು ಅದರಲ್ಲಿ ಕಳೆಯಲು ಅವಕಾಶವಿಲ್ಲ.

ಹೋಗದಿರುವುದೇ ಲೇಸೆಂಬುದು ನಮ್ಮ ಅಭಿಪ್ರಾಯ; ಅದನ್ನು ಮುಚ್ಚಿಡುವುದಿಲ್ಲ. ಆದರೂ ಹೋಗಿಯೇ ತೀರುವವರಿಗೆ, ದ್ರೌಪದಿಯ ಪ್ರಶ್ನೆಯಿಂದಲೇ ಹೊರಡುವ ಕೆಲವು ನಿಯಮಗಳನ್ನು ಹೇಳಬಹುದು. ಮೊದಲನೆಯದು, ಮನೆಯವರಾರಿಗೂ ಕೊರತೆಯಾಗದಂತೆ, ಯಾರನ್ನೂ ಕೇಳದೆ ದಾನ ಮಾಡಿಬಿಡಬಹುದಾದಷ್ಟು ಹಣವನ್ನು ಮಾತ್ರ ಒಯ್ಯುವುದು. ನಾಟಕದ ಟಿಕೇಟಿಗೆ ಕೊಟ್ಟಂತೆ ಅದು ಹೋಯಿತೆಂದೇ ಭಾವಿಸುವುದು. ಎರಡನೆಯದು, ಆ ಮೊತ್ತವನ್ನು ಹೊರಡುವ ಮೊದಲೇ ಮನೆಯಲ್ಲಿ ಬಾಯಿಬಿಟ್ಟು ಹೇಳುವುದು. ಮನಸ್ಸಿನಲ್ಲಿ ಇಟ್ಟುಕೊಂಡ ಮಿತಿಯನ್ನು ಮನಸ್ಸೇ ಅಳಿಸುತ್ತದೆ. ಹೆಂಡತಿಗೆ ಅಥವಾ ತಾಯಿಗೆ ಹೇಳಿದ ಮಿತಿ ಅಷ್ಟು ಸುಲಭವಾಗಿ ಅಳಿಯದು. ಮೂರನೆಯದು, ಹಣವನ್ನು ನಗದಾಗಿಯೇ ಒಯ್ದು, ಬ್ಯಾಂಕಿನ ಕಾರ್ಡನ್ನೂ ಹಣ ಕಳುಹಿಸುವ ಮೊಬೈಲನ್ನೂ ಆಡದಿರುವ ಸಂಗಡಿಗನ ವಶಕ್ಕೆ ಕೊಡುವುದು. ನಾಲ್ಕನೆಯದು, ಏಳುವ ಹೊತ್ತನ್ನು ಗೊತ್ತುಮಾಡಿಕೊಂಡು, ಗೆದ್ದಿದ್ದರೂ ಸೋತಿದ್ದರೂ ಆಗಲೇ ಏಳುವುದು. ಮದ್ಯದ ಹತ್ತಿರ ಸುಳಿಯದಿರುವುದು. ಐದನೆಯದು, ಯಾರಿಂದಲೂ ಒಂದು ರೂಪಾಯಿ ಕೈಗಡವನ್ನೂ ತೆಗೆದುಕೊಳ್ಳದಿರುವುದು. ಆರನೆಯದು, ಮರಳಿ ಬಂದು ನಿಜವಾದ ಲೆಕ್ಕವನ್ನು ಹೇಳುವುದು. ಲೆಕ್ಕ ಹೇಳಲು ನಾಲಗೆ ತಡವರಿಸಿದರೆ, ಮಿತಿಯನ್ನು ದಾಟಿದ್ದಾಯಿತೆಂದೇ ತಿಳಿಯತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದದ್ದು, ಸೋತದ್ದನ್ನು ಗೆದ್ದು ತರಲು ಮತ್ತೆ ಹೋಗದಿರುವುದು. ಧೃತರಾಷ್ಟ್ರನು ಸೋತ ರಾಜ್ಯವನ್ನೆಲ್ಲ ಹಿಂದಿರುಗಿಸಿದ್ದನು. ಪಾಂಡವರು ಊರಿನ ದಾರಿ ಹಿಡಿದಿದ್ದರು. ಮರಳಿ ಕರೆ ಬಂದೊಡನೆ ಧರ್ಮರಾಜನು ಮತ್ತೆ ಬಂದು ಕುಳಿತನು. ವನವಾಸವು ಪ್ರಾಪ್ತವಾದದ್ದು ಮೊದಲನೆಯ ದ್ಯೂತದಿಂದಲ್ಲ, ಈ ಎರಡನೆಯದರಿಂದ. ಸೋತದ್ದನ್ನು ಹಿಂದಿರುಗಿಸುವ ಧೃತರಾಷ್ಟ್ರನು ನಮ್ಮ ಕಾಲದ ಯಾವ ಹಡಗಿನಲ್ಲಿಯೂ ಇಲ್ಲ.

ಇನ್ನು ಮನೆಯ ಹಿರಿಯರಿಗೂ ಒಂದು ಮಾತು. ಬಿಡಬೇಕೆಂದರೂ ಬಿಡಲಾಗದ ಜೂಜು ಒಂದು ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯಲ್ಲಿ ಗಣಿಸಿದೆ. ರೋಗಿಯನ್ನು ಹತ್ತು ಜನರ ಮುಂದೆ ಹಳಿದು ಗುಣಪಡಿಸಲಾಗದು. ಸಭೆಯಲ್ಲಿ ಭೀಮಸೇನದೇವರು ದಾಳ ಹಿಡಿದ ಕೈಗಳನ್ನೇ ಸುಡುವೆನೆಂದು ಸಹದೇವನಿಗೆ ಬೆಂಕಿ ತರಹೇಳಿದಾಗ, ಅರ್ಜುನನು ತಡೆದನು. ಶತ್ರುಗಳಿಗೆ ಬೇಕಾದದ್ದೇ ಅಣ್ಣತಮ್ಮಂದಿರ ಒಡಕು ಎಂಬುದು ಅವನ ಮಾತಿನ ಅಭಿಪ್ರಾಯ. ಕೋಪವು ನ್ಯಾಯವಾದದ್ದು, ತಡೆದದ್ದೂ ನ್ಯಾಯವಾದದ್ದು. ಇಂಥ ಸಂಕಟದಲ್ಲಿರುವ ಮನೆಯವರು ಹಣದ ವ್ಯವಹಾರವನ್ನು ಮೊದಲು ಬೇರೆಯವರ ಕೈಗೆ ವಹಿಸಿ, ಅನಂತರ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರದ ಉಚಿತ ಸಹಾಯವಾಣಿಯು 14416ರಲ್ಲಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇಂಥ ವ್ಯಸನಗಳಿಗೆ ಚಿಕಿತ್ಸೆಯುಂಟು.

ಬಲಿಪಾಡ್ಯಮಿಯಂದು ಮನೆಮಂದಿಯೆಲ್ಲ ಕೂಡಿ ಕವಡೆ ಹಾಕಿ ಪಗಡೆಯಾಡಲಿ. ಅಜ್ಜಿಯನ್ನು ಮೊಮ್ಮಗಳು ಸೋಲಿಸಲಿ. ಅಲ್ಲಿ ಪಣವಿಲ್ಲದಿರುವುದರಿಂದಲೇ ಸೋತವರೂ ನಗುತ್ತ ಊಟಕ್ಕೆ ಏಳುತ್ತಾರೆ. ಹಣವಿಟ್ಟು ಆಡಲು ಯಾರಾದರೂ ಕರೆದಾಗ ದ್ರೌಪದೀದೇವಿಯ ಪ್ರಶ್ನೆಯನ್ನು ನಾವೇ ನಮಗೆ ಕೇಳಿಕೊಳ್ಳೋಣ. ಆಕೆ ಕೇಳುವಷ್ಟರಲ್ಲಿ ದಾಳ ಉರುಳಿಹೋಗಿತ್ತು. ನಮಗಿನ್ನೂ ಹೊತ್ತು ಮೀರಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.