ತೀರ್ಪಿಗೆ ಮುಂಚೆ ಅನ್ನ ಕಿತ್ಕೊಳ್ಳಬಹುದಾ?

ನಿಮ್ಮಲ್ಲಿ ಬಹಳ ಜನ ಕಂಪನಿಗಳಲ್ಲಿ ಕೆಲಸ ಮಾಡೋರು. ಅದಕ್ಕೇ ಈ ಪ್ರಶ್ನೆ. ನಿಮ್ಮ ಟೀಮಲ್ಲಿ ಒಬ್ಬನನ್ನ ಪೊಲೀಸರು ಅರೆಸ್ಟ್ ಮಾಡಿದ್ರು ಅಂದ್ಕೊಳ್ಳಿ. ಕೇಸಿನ ವಿಚಾರಣೆ ಶುರುವೇ ಆಗಿಲ್ಲ. ಆದರೆ ಮಾರನೇ ದಿನವೇ ಅವನ ಕೆಲಸ ಹೋಯ್ತು. ಇದು ನ್ಯಾಯವಾ?

"ಬೆಂಕಿ ಇಲ್ಲದೆ ಹೊಗೆ ಬರುತ್ತಾ" ಅಂತೀವಿ. ಹಾಗಾದ್ರೆ ಯೋಸೇಫನ ವಿಷಯ ಏನು ಹೇಳೋಣ? ಪೋಟೀಫರನ ಮನೆಯ ಆಡಳಿತವೆಲ್ಲ ಅವನ ಕೈಲಿತ್ತು. ಒಂದು ಸುಳ್ಳು ದೂರಿಗೆ ಸ್ಥಾನವೂ ಹೋಯ್ತು, ಸೆರೆಮನೆಯೂ ಆಯ್ತು. "ನಿನ್ನ ಮಾತೇನು" ಅಂತ ಯಾರಾದ್ರೂ ಅವನನ್ನ ಕೇಳಿದ್ದು ಆದಿಕಾಂಡ 39ರಲ್ಲಿ ಕಾಣೋದಿಲ್ಲ.

ನಮ್ಮ ಕೋಲಾರದ ಕೆಜಿಎಫ್‌ನಲ್ಲೂ ಇಂಥದ್ದು ನಡೆದಿದೆ. 1985ರಲ್ಲಿ ಭಾರತ್ ಗೋಲ್ಡ್ ಮೈನ್ಸ್‌ನ ಒಬ್ಬ ಸೆಕ್ಯುರಿಟಿ ಆಫೀಸರ್ ಮನೆ ಮೇಲೆ ಪೊಲೀಸ್ ದಾಳಿ ಆಯ್ತು. ಚಿನ್ನ ಸಿಕ್ಕಿತು ಅಂತ ಕೇಸಾಯ್ತು, ಅವರು ಸಸ್ಪೆಂಡ್ ಆದ್ರು. ಜೀವನಾಧಾರ ಭತ್ಯೆ ಕೊಡಲಿಲ್ಲ. ಇಲಾಖಾ ವಿಚಾರಣೆಗೆ ಬರೋಕೆ ಅವರ ಹತ್ರ ದುಡ್ಡೇ ಇರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದ್ರು. 1987ರಲ್ಲಿ ಕ್ರಿಮಿನಲ್ ಕೋರ್ಟ್ ಅವರನ್ನ ಬಿಡುಗಡೆ ಮಾಡಿತು. ಆದರೂ ಕೆಲಸ ವಾಪಸ್ ಸಿಗಲಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟ್ ಅವರನ್ನ ಮರಳಿ ಕೆಲಸಕ್ಕೆ ತಗೊಳ್ಳಿ, ಬಾಕಿ ಸಂಬಳವನ್ನೂ ಕೊಡಿ ಅಂತ ಆದೇಶಿಸಿತು. ಹದಿನಾಲ್ಕು ವರ್ಷ, ಪ್ರಿಯರೇ!

ಇಲ್ಲಿ ಗಮನಿಸಿ. ಅನ್ನ ಕಿತ್ಕೊಂಡಾಗ ಅವರ ಬಾಯನ್ನೂ ಕಟ್ಟಿದ ಹಾಗಾಯ್ತು. ಬಸ್ ಚಾರ್ಜಿಗೆ ದುಡ್ಡಿಲ್ಲದವನು ತಾನು ನಿರಪರಾಧಿ ಅಂತ ಎಲ್ಲಿಗೆ ಹೋಗಿ ಹೇಳಬೇಕು?

"ದೂರು ಕೊಟ್ಟ ಹೆಣ್ಣುಮಗಳು ಅದೇ ಆಫೀಸಲ್ಲಿದ್ರೆ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಅವಳನ್ನ ಕಾಪಾಡಲೇಬೇಕು. ಸಸ್ಪೆನ್ಷನ್ ಇರೋದು ಅದಕ್ಕೇ. ಅದು ದೂರ ಇಡುತ್ತೆ, ತೀರ್ಪು ಕೊಡೋದಿಲ್ಲ. ಕೇಂದ್ರ ಸರ್ಕಾರಿ ನೌಕರ 48 ಗಂಟೆಗಿಂತ ಹೆಚ್ಚು ಕಸ್ಟಡಿಯಲ್ಲಿದ್ರೆ ಸಸ್ಪೆಂಡ್ ಆದ ಹಾಗೇ ಲೆಕ್ಕ, ವಜಾ ಅಲ್ಲ. ಕಾರ್ಮಿಕರಿಗೆ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯೇ ಅಳತೆ ಹಾಕಿತ್ತು: ವಿಚಾರಣೆ ನಡೆಯುವಾಗ ಮೊದಲ 90 ದಿನ ಅರ್ಧ ವೇತನ, ಆಮೇಲೂ ಅವನ ತಪ್ಪಿಲ್ಲದೆ ತಡವಾದ್ರೆ ಮುಕ್ಕಾಲು. ಮ್ಯಾನೇಜರ್ ದರ್ಜೆಯವರಿಗೆ ಈ ರಕ್ಷಣೆ ಸಿಗದೆ ಇರಬಹುದು. ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಇವತ್ತೇ ತೆಗೆದು ಓದಿ.

ತಪ್ಪು ಮಾಡಿದವನಿಗೆ ಶಿಕ್ಷೆ ಬೇಡ ಅಂತ ನಾನು ಹೇಳ್ತಿಲ್ಲ. ಕಂಪನಿ ತಾನೇ ವಿಚಾರಣೆ ಮಾಡಿ, ಸಾಕ್ಷಿ ನೋಡಿ ಕ್ರಮ ತಗೊಳ್ಳಬಹುದು. ಆದರೆ ಕೇಳಿಯೇ ತೀರ್ಪು ಮಾಡಬೇಕು. ಯೋಹಾನ 7ರಲ್ಲಿ ನಿಕೊದೇಮನು ತನ್ನ ಜೊತೆಯವರ ಮುಂದೆ ಒಬ್ಬನೇ ಎತ್ತಿದ್ದೂ ಇದೇ ಪ್ರಶ್ನೆ. ಅದಕ್ಕೆ ಅವನಿಗೆ ಸಿಕ್ಕಿದ್ದು ಹೀಯಾಳಿಕೆ.

ಹೆಚ್‌ಆರ್‌ನಲ್ಲಿ ಇರೋರು ಈ ವಾರ ಆ ಪ್ರಶ್ನೆಯನ್ನ ಮೀಟಿಂಗಲ್ಲಿ ಕೇಳಿ. ಉಳಿದವರು, ಅಂಥ ಒಬ್ಬನ ಮನೆ ಗೊತ್ತಿದ್ರೆ, ಅಲ್ಲಿ ಮಕ್ಕಳ ಸ್ಕೂಲ್ ಫೀಸ್ ಕಟ್ಟಿದ್ದಾರಾ ಅಂತ ವಿಚಾರಿಸಿ. ಅವನು ತಪ್ಪಿತಸ್ಥನೋ ಅಲ್ಲವೋ, ಮಕ್ಕಳಂತೂ ಅಲ್ಲ. ಆಮೆನ್.