ಮರಳಿ ಬಾರದ ಸ್ವರ ಯಾರ ಅಮಾನತ್?

ಸಿಸಿಲ್ ಟೇಲರ್ ಎಂಬ ಹೆಸರನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕೇಳಿರಲಾರರು. ನಲವತ್ತು ದಾಟುವವರೆಗೆ ನಾನೂ ಕೇಳಿರಲಿಲ್ಲ. 1929ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡ ಈ ಕಪ್ಪು ಜನಾಂಗದ ಕಲಾವಿದ ಪಿಯಾನೊ ವಾದಕ. ಜಾಝ್ ಸಂಗೀತದಲ್ಲಿ ಬೆಳೆದು, ಕೊನೆಗೆ ಜಾಝ್‌ನವರೇ ಗಾಬರಿಯಾಗುವಷ್ಟು ಅದರ ಬೇಲಿಯನ್ನು ದಾಟಿ ಹೋದವರು. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನೊಬ್ಬ ಅವರ ಧ್ವನಿಮುದ್ರಿಕೆಯೊಂದನ್ನು ನನ್ನ ಫೋನಿಗೆ ಕಳಿಸಿದ. 1974ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೊ ಉತ್ಸವದಲ್ಲಿ ಅವರು ಒಬ್ಬರೇ ಕೂತು ನುಡಿಸಿದ ಕಛೇರಿ ಅದು. ಕೇಳಿದರೆ, ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದಂತೆ. ತಾಳ ಎಲ್ಲಿದೆ, ರಾಗ ಎಲ್ಲಿದೆ ಒಂದೂ ತಿಳಿಯಲಿಲ್ಲ. ಆದರೆ ಕೈಬಿಡಲೂ ಆಗಲಿಲ್ಲ.

ಎರಡನೇ ಸಲ, ಮೂರನೇ ಸಲ ಕೇಳಿದಾಗ ಒಂದು ಸಂಗತಿ ಹೊಳೆಯಿತು. ನಾಲ್ಕಾರು ಸ್ವರಗಳ ಒಂದು ಸಣ್ಣ ತುಣುಕು ಮತ್ತೆ ಮತ್ತೆ ಬರುತ್ತದೆ. ಎಡಗೈ ಮಂದ್ರದಲ್ಲಿ ಏನನ್ನೋ ಕೇಳುತ್ತದೆ, ಬಲಗೈ ತಾರದಲ್ಲಿ ಉತ್ತರಿಸುತ್ತದೆ. ಉತ್ತರ ಸಾಲದೆಂಬಂತೆ ಪ್ರಶ್ನೆ ಇನ್ನೊಂದು ರೂಪದಲ್ಲಿ ಏಳುತ್ತದೆ. ನಮ್ಮ ಗವಾಯಿಗಳು ಬಂದಿಶ್‌ನ ಮುಖಡಾವನ್ನು ಹಿಡಿದು ಹೊರಗೆ ಹೋಗಿ ಮರಳಿ ಬರುವ ಹಾಗೆಯೇ ಇದು. ಬಾಸ್ಟನ್ನಿನ ಸಂಗೀತ ಶಾಲೆಯಲ್ಲಿ ಕಲಿತ ಈ ಮನುಷ್ಯ ಅವಕಾಶಗಳಿಲ್ಲದ ವರ್ಷಗಳಲ್ಲಿ ಹೋಟೆಲುಗಳಲ್ಲಿ ಪಾತ್ರೆ ತೊಳೆದು ಬದುಕಿದರು. ಮೊದಲ ಧ್ವನಿಮುದ್ರಿಕೆ ಬಂದದ್ದು 1956ರಲ್ಲಿ. ಜಪಾನಿನ ಕ್ಯೋಟೊ ಪ್ರಶಸ್ತಿ ಬಂದದ್ದು 2013ರಲ್ಲಿ. ನಡುವಿನ ಅಷ್ಟು ವರ್ಷವೂ ಅವರನ್ನು ಗದ್ದಲ ಮಾಡುವವನೆಂದವರು ಇದ್ದೇ ಇದ್ದರು.

ಆದರೆ ನನ್ನನ್ನು ಕಾಡಿದ್ದು ಅವರ ಕಷ್ಟದ ಕತೆಯಲ್ಲ. ಅವರು ನುಡಿಸಿದ್ದು ಆ ಗಳಿಗೆಗೆ ಹುಟ್ಟಿ ಆ ಗಳಿಗೆಗೇ ಮುಗಿಯಬೇಕಾದ ಸಂಗೀತ. ಅದು ಈಗ ನನ್ನ ಫೋನಿನಲ್ಲಿದೆ. ಹತ್ತು ಸಲ ಹಾಕಿದರೆ ಹತ್ತು ಸಲವೂ ಅದೇ ಸ್ವರ, ಅದೇ ಜಾಗದಲ್ಲಿ. ಮುಂದೇನು ಬರುತ್ತದೆಂದು ನುಡಿಸುವವರಿಗೆ ಅಂದು ಪೂರ್ತಿ ತಿಳಿದಿರಲಿಲ್ಲ. ಕೇಳುವ ನನಗೆ ಇಂದು ಪೂರ್ತಿ ತಿಳಿದಿದೆ. ಹಾಗಾದರೆ ನನ್ನ ಬಳಿ ಇರುವುದು ಅವರ ಸಂಗೀತವೋ, ಅದರ ಹೆಜ್ಜೆಗುರುತೋ? ಮರಳಿ ಬಾರದ್ದನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ನ್ಯಾಯವೇ?

ಈ ಪ್ರಶ್ನೆ ಅಮೆರಿಕದ್ದು ಮಾತ್ರವಲ್ಲ. ಕರ್ನಾಟಕ ಸಂಗೀತದವರು ಇಂಥ ಆಶುಸೃಷ್ಟಿಯನ್ನು ಮನೋಧರ್ಮ ಎನ್ನುತ್ತಾರೆ. ಹಿಂದೂಸ್ತಾನಿಯವರು ಉಪಜ್ ಎನ್ನುತ್ತಾರೆ. ಉಪಜ್ ಎಂದರೆ ಬೆಳೆ, ನೆಲದಿಂದ ಹುಟ್ಟಿದ್ದು. ಎರಡೂ ಮಾತುಗಳಲ್ಲಿ ಮನಸ್ಸಿಗೆ ಬಂದದ್ದನ್ನು ಮಾಡುವ ಸಡಿಲತನವಿಲ್ಲ. ಒಂದರಲ್ಲಿ ಧರ್ಮವಿದೆ, ಇನ್ನೊಂದರಲ್ಲಿ ಉತ್ತ ನೆಲವಿದೆ. ಬೆಂಗಳೂರಿನ ಕರ್ನಾಟಕ ತಾಳವಾದ್ಯ ಕಾಲೇಜಿನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಮತ್ತು ಸಂಗಡಿಗರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆ ಸೇರಿ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಮಾಡಿದಾಗ, ಜಾಝ್ ಮತ್ತು ನಮ್ಮ ಸಂಗೀತ ಕೈಕುಲುಕಿದ್ದು ಈ ಮನೋಧರ್ಮದ ಹೊಸ್ತಿಲಲ್ಲೇ.

ಹಿಡಿದಿಡುವುದು ಸರಿಯೇ ಎಂಬ ಪ್ರಶ್ನೆಗೆ ನಮ್ಮ ಸೀಮೆಯ ಸಂಗೀತ ಚರಿತ್ರೆಯಲ್ಲಿ ಇಬ್ಬರು ಉಸ್ತಾದರು ಎರಡು ಉತ್ತರ ಕೊಟ್ಟು ಹೋಗಿದ್ದಾರೆ.

ಒಬ್ಬರು ಅಬ್ದುಲ್ ಕರೀಂ ಖಾನರು (1872–1937). ಉತ್ತರದ ಕೈರಾನಾದಲ್ಲಿ ಹುಟ್ಟಿ ಮೀರಜಿನಲ್ಲಿ ನೆಲೆಸಿದರು. ಮೈಸೂರು ಅರಮನೆಗೆ ಹೋಗಿ ಬರುವ ದಾರಿಯಲ್ಲಿ ಧಾರವಾಡದ ಕಡೆ ತಂಗುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರಿಗೆ ವಿದ್ಯೆ ಕೊಟ್ಟವರು ಅವರೇ. ಖಾನರು ಗ್ರಾಮೊಫೋನಿಗೆ ಹಾಡಿದರು. ಆಗಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಒಂದು ತಾಸು ಅರಳಬೇಕಾದ ರಾಗವನ್ನು ಮೂರು ನಿಮಿಷಕ್ಕೆ ಮಡಿಚಬೇಕು. ಮೆಹಫಿಲ್‌ನಲ್ಲಿ ಎದುರು ಕೂತವರ ಕಣ್ಣು ನೋಡಿ ಹುಟ್ಟುವ ಆಲಾಪಕ್ಕೆ ಅಲ್ಲಿ ಜಾಗವಿಲ್ಲ. ಖಾನರು ಆ ಇಕ್ಕಟ್ಟನ್ನು ಒಪ್ಪಿಕೊಂಡರು.

ಒಪ್ಪಿಕೊಂಡಿದ್ದರಿಂದ ಏನಾಯಿತು? ಗದಗಿನ ಒಬ್ಬ ಹುಡುಗ ಆ ತಟ್ಟೆಯಲ್ಲಿ ಖಾನರ ಝಿಂಝೋಟಿ ಠುಮ್ರಿ ಕೇಳಿ ಮನೆ ಬಿಟ್ಟ. 1933ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ. ಗ್ವಾಲಿಯರ್, ರಾಂಪುರ, ಜಲಂಧರ್ ಎಂದು ಅಲೆದ. ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಅಂಗಳದಲ್ಲಿ. ಆ ಹುಡುಗ ಭೀಮಸೇನ ಜೋಶಿ. ಈ ಕತೆಯನ್ನು ಅವರೇ ಹೇಳಿಕೊಂಡಿದ್ದಾರೆ. ಉಸ್ತಾದರ ಎದುರು ಕೂರಲು ಅರಮನೆಯ ಕರೆ ಬೇಕಿತ್ತು, ಇಲ್ಲವೇ ಸಿರಿವಂತರ ಮನೆಯ ನಂಟು ಬೇಕಿತ್ತು. ತಟ್ಟೆಗೆ ಅದಾವುದೂ ಬೇಕಿರಲಿಲ್ಲ. ಅಂಗಡಿಯ ಮುಂದೆ ನಿಂತವನಿಗೂ ಅದು ಹಾಡಿತು.

ಇನ್ನೊಬ್ಬರು ಕೊಲ್ಲಾಪುರದ ಆಸ್ಥಾನದಲ್ಲಿದ್ದ ಅಲ್ಲಾದಿಯಾ ಖಾನರು (1855–1946). ಜೈಪುರ–ಅತ್ರೌಲಿ ಘರಾನೆಯನ್ನು ಕಟ್ಟಿದ ಈ ಮಹಾನುಭಾವರು ಗ್ರಾಮೊಫೋನಿಗೆ ಹಾಡಲೇ ಇಲ್ಲ. ಅವರ ದನಿ ಹೇಗಿತ್ತೆಂದು ಇಂದು ಕೇಳಿ ತಿಳಿಯುವ ದಾರಿಯಿಲ್ಲ. ವಿದ್ಯೆ ಕಳವಾದೀತೆಂಬ ಅಂಜಿಕೆ ಎನ್ನುವವರಿದ್ದಾರೆ. ಯಂತ್ರದ ಮುಂದೆ ಹಾಡುವುದು ಹಾಡಲ್ಲ ಎಂಬ ನಿಲುವು ಎನ್ನುವವರೂ ಇದ್ದಾರೆ. ಹಾಗಿದ್ದೂ ಆ ಗಾಯಕಿ ಅಳಿಯಲಿಲ್ಲ. ಅವರ ಮಗ ಮಂಜಿ ಖಾನರು ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಿಗೆ ಕಲಿಸಿದರು. 1937ರಲ್ಲಿ ಮಂಜಿ ಖಾನರು ಅಕಾಲದಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನರು ಕಲಿಸಿದರು. ಒಬ್ಬ ಮುಸಲ್ಮಾನ ಉಸ್ತಾದರ ಮನೆಯ ಸೊತ್ತು ಒಬ್ಬ ಲಿಂಗಾಯತ ಗವಾಯಿಯ ಕೊರಳಲ್ಲಿ 1992ರವರೆಗೆ ಬಾಳಿತು. ಕೊಟ್ಟವರೂ ಪಡೆದವರೂ ಅದನ್ನು ಸೌಹಾರ್ದದ ಪ್ರದರ್ಶನ ಎಂದುಕೊಳ್ಳಲಿಲ್ಲ. ತಾಲೀಮು ಎಂದುಕೊಂಡರು, ಅಷ್ಟೆ.

ಇವರಿಬ್ಬರಲ್ಲಿ ಯಾರು ಸರಿ? ಅಲ್ಲಾದಿಯಾ ಖಾನರ ದಾರಿಯಲ್ಲಿ ಶುದ್ಧಿಯಿದೆ. ಅದರ ನೆರಳಿನಲ್ಲಿ ವಿದ್ಯೆ ಬೀಗದೊಳಗೆ ಉಳಿಯುವ ಅಪಾಯವೂ ಇದೆ. ಎಷ್ಟೋ ಮನೆತನಗಳಲ್ಲಿ ರಾಗಗಳು ಹೊರಗಿನವರಿಗೆ ಸಿಗದೆ ಮಣ್ಣಾಗಿವೆ. ಕರೀಂ ಖಾನರ ದಾರಿಯಲ್ಲಿ ಔದಾರ್ಯವಿದೆ. ಆದರೆ ಅಲ್ಲಿಯೂ ಅಪಾಯವಿದೆ. ನಮ್ಮ ಆನಗೋಡು ಸುತ್ತ ಮಳೆಗಾಲದಲ್ಲಿ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ಹೈಬ್ರಿಡ್ ತಳಿಯ ತೆನೆ ತುಂಬಿ ನಿಂತಿರುತ್ತದೆ. ಅದರ ಕಾಳನ್ನೇ ಮುಂದಿನ ವರ್ಷ ಬಿತ್ತಿದರೆ ಅಂಥ ಬೆಳೆ ಬಾರದೆಂದು ರೈತರಿಗೆ ಗೊತ್ತು. ಧ್ವನಿಮುದ್ರಿಕೆಯೂ ಹಾಗೆ. ಅದನ್ನು ಉಣ್ಣಬಹುದು, ಮಾರಬಹುದು. ಅದನ್ನೇ ನಕಲು ಮಾಡಿ ಬಿತ್ತಿದರೆ ಉಪಜ್ ಹುಟ್ಟುವುದಿಲ್ಲ. ಭೀಮಸೇನರು ತಟ್ಟೆಯನ್ನು ಕಂಠಪಾಠ ಮಾಡಿ ಮನೆಯಲ್ಲೇ ಕೂತಿದ್ದರೆ ಒಬ್ಬ ಒಳ್ಳೆಯ ಅನುಕರಣಕಾರರಾಗುತ್ತಿದ್ದರು. ತಟ್ಟೆ ಅವರನ್ನು ಎಬ್ಬಿಸಿ ಹೊರಡಿಸಿತು. ಅದರ ಕೆಲಸ ಅಷ್ಟೇ, ಆದರೆ ಅಷ್ಟು ದೊಡ್ಡದು.

ಇದು ಸಂಗೀತಗಾರರ ಮನೆಯ ಮಾತು ಮಾತ್ರವಲ್ಲ. ನಮ್ಮ ನಾನಿ ಕತೆ ಹೇಳುವವರಾಗಿದ್ದರು. ಹರಿಹರದ ಹೊಳೆಯಲ್ಲಿ ಹರಿಗೋಲು ಹಾಕುವ ಒಬ್ಬ ಅಂಬಿಗ ಮತ್ತು ಒಂದು ನರಿಯ ಕತೆಯನ್ನು ದಖನಿ ಉರ್ದುವಿನಲ್ಲಿ, ನಡುವೆ ಕನ್ನಡ ಬೆರೆಸಿ ಹೇಳುತ್ತಿದ್ದರು. ಒಂದು ರಾತ್ರಿ ನರಿ ಮೊದಲು ದಾಟುತ್ತಿತ್ತು, ಇನ್ನೊಂದು ರಾತ್ರಿ ಅಂಬಿಗ. ನಿದ್ದೆ ಬಾರದ ಮಗುವಿದ್ದರೆ ಹೊಳೆ ಅಗಲವಾಗುತ್ತಿತ್ತು. ಅವರ ಕೊನೆಯ ದಿನಗಳಲ್ಲಿ ಮನೆಯ ಹುಡುಗನೊಬ್ಬ ಅದನ್ನು ಫೋನಿನಲ್ಲಿ ಹಿಡಿದಿಟ್ಟ. ನಾನಿ ಹೋದ ಮೇಲೆ ಆ ದನಿ ಕೇಳಿ ನಾವೆಲ್ಲ ಅತ್ತಿದ್ದೇವೆ. ಆದರೆ ಒಂದು ರಾತ್ರಿ ನನ್ನ ತಂಗಿ ತನ್ನ ಮಗಳಿಗೆ ಅದೇ ಕತೆ ಹೇಳತೊಡಗಿದಾಗ ಹುಡುಗಿ ತಡೆದಳು: "ಅಮ್ಮಿ, ಹಾಗಲ್ಲ. ಫೋನಿನಲ್ಲಿ ನರಿ ಮೊದಲು ದಾಟುತ್ತೆ." ತಂಗಿ ಸುಮ್ಮನಾದಳು. ಆಮೇಲೆ ಬಹಳ ದಿನ ಅವಳು ಕತೆ ಹೇಳಲೇ ಇಲ್ಲ. ಫೋನು ಹಾಕಿ ಕೊಡುತ್ತಿದ್ದಳು. ನಾನಿಯ ದನಿಯನ್ನು ಉಳಿಸಿದ ಯಂತ್ರವೇ ನಾನಿಯ ಕತೆಗಾರಿಕೆಯನ್ನು ಮನೆಯಿಂದ ಹೊರಗೆ ಹಾಕುವುದರಲ್ಲಿತ್ತು.

ಆದರೆ ಅದೇ ಧ್ವನಿಯಲ್ಲಿ ಒಂದು ಜಾಗವಿದೆ. ನಡುವೆ ನಾನಿ ನಿಲ್ಲುತ್ತಾರೆ. "ನಿನ್ನೆ ಏನು ಹೇಳಿದ್ದೆ?" ಎಂದು ಯಾರನ್ನೋ ಕೇಳುತ್ತಾರೆ. ಉತ್ತರಕ್ಕೆ ಕಾಯದೆ, ನಕ್ಕು, ಮುಂದುವರಿಸುತ್ತಾರೆ. ತಂಗಿ ಮಗಳಿಗೆ ಆ ಜಾಗವನ್ನೇ ಮತ್ತೊಮ್ಮೆ ಕೇಳಿಸಿದಳಂತೆ. ಸರಿಯಾದ ಪಾಠ ಎಂಬುದು ನಾನಿಯ ಬಳಿಯೂ ಇರಲಿಲ್ಲವೆಂದು ಮಗುವಿಗೆ ತಿಳಿಯಲು ಆ ಒಂದು ನಗೆ ಸಾಕಾಯಿತು.

ಉರ್ದುವಿನಲ್ಲಿ ಅಮಾನತ್ ಎಂಬ ಮಾತಿದೆ. ಕನ್ನಡ ಪತ್ರಿಕೆಗಳಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ಉರ್ದುವಿನ ಅಮಾನತ್ ಬೇರೆ. ಒಬ್ಬರು ನಂಬಿ ನಮ್ಮ ಬಳಿ ಇಟ್ಟು ಹೋದದ್ದು ಅದು. ಇಟ್ಟುಕೊಂಡವನು ಅದರ ಒಡೆಯನಲ್ಲ. ಕೆಡಿಸುವಂತಿಲ್ಲ, ನನ್ನದೆಂದು ತಿನ್ನುವಂತಿಲ್ಲ, ಮರಳಿಸಬೇಕು. ಧ್ವನಿಮುದ್ರಿಕೆ ನನ್ನ ಮಟ್ಟಿಗೆ ಅಂಥದು. ಆದರೆ ಇಟ್ಟುಹೋದವರು ಇಂದಿಲ್ಲ. ಮರಳಿಸುವುದು ಯಾರಿಗೆ? ಮುಂದೆ ಬರುವವರಿಗೆ. ಏನನ್ನು ಮರಳಿಸಬೇಕು? ಆ ಸ್ವರಗಳನ್ನಷ್ಟೇ ಅಲ್ಲ, ಆ ಸ್ವರಗಳು ಹುಟ್ಟಿದ ಧೈರ್ಯವನ್ನೂ. ಬೀಗ ಹಾಕಿದವನೂ ಅಮಾನತ್‌ಗೆ ತಪ್ಪಿದಂತೆ. ಇದೊಂದೇ ಸರಿ, ಇನ್ನು ಮುಂದೆ ಹೀಗೆಯೇ ಹಾಡಬೇಕು ಎಂದು ಗೆರೆ ಎಳೆದವನೂ ತಪ್ಪಿದಂತೆ.

ಈ ಮಾತಿಗೆ ಇಂದು ಹೊಸ ತುರ್ತು ಬಂದಿದೆ. ತೀರಿಹೋದವರ ದನಿಯನ್ನು ಕಲಿತು ಹೊಸ ಹಾಡು ಹಾಡಿಸುವ ಯಂತ್ರಗಳು ಬಂದಿವೆ. ನಾಳೆ ಅವು ಕರೀಂ ಖಾನರ ದನಿಯಲ್ಲಿ ಅವರು ಎಂದೂ ಹಾಡದ ಠುಮ್ರಿಯನ್ನು ಕೇಳಿಸಬಹುದು, ಟೇಲರ್ ನುಡಿಸದ ಕಛೇರಿಯನ್ನೂ ಕೇಳಿಸಬಹುದು. ಕಿವಿಗೆ ವ್ಯತ್ಯಾಸ ತಿಳಿಯದಿರಬಹುದು. ಆದರೆ ಆಶುವಾಗಿ ಹಾಡುವವನು ಪ್ರತಿ ಸ್ವರಕ್ಕೂ ಜವಾಬು ಹೊತ್ತಿರುತ್ತಾನೆ. ಬರೆದಿಟ್ಟದ್ದನ್ನು ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ, ಬಿಟ್ಟ ಬಾಣವನ್ನು ಹಿಂದಕ್ಕೆ ಕರೆಯುವಂತಿಲ್ಲ. ಸಿಕ್ಕ ಒಂದು ಗಳಿಗೆಯಲ್ಲಿ ತನ್ನ ಇಡೀ ರಿಯಾಜ್ ಅನ್ನು ಪಣಕ್ಕೆ ಇಡುತ್ತಾನೆ. ಯಂತ್ರಕ್ಕೆ ಕಳೆದುಕೊಳ್ಳಲು ಏನೂ ಇಲ್ಲ. ಪಣವಿಲ್ಲದ ಕಡೆ ಮನೋಧರ್ಮವೆಂಬ ಮಾತಿನ ಧರ್ಮ ಉಳಿಯುವುದಿಲ್ಲ.

ಹಾಗೆಂದ ಮೇಲೆ ಕೇಳುವವನ ಮೇಲೂ ಒಂದು ಹೊಣೆ ಬೀಳುತ್ತದೆ. ಪಣ ಇಟ್ಟವನನ್ನು ಅರ್ಧ ನಿಮಿಷ ಕೇಳಿ ಗದ್ದಲವೆಂದು ತಳ್ಳಬಾರದು. ಪರಿಚಿತವಲ್ಲದ್ದೆಲ್ಲ ಗದ್ದಲವಾಗಿಯೇ ಕೇಳುವ ಕಾಲ ಇದು. ಪಕ್ಕದ ಮನೆಯವರ ಭಾಷೆಯೂ, ಪ್ರಾರ್ಥನೆಯೂ ಹಾಗೆ ಕೇಳಿಸುತ್ತಿದೆ. ಟೇಲರ್ ಅವರ ಪಿಯಾನೊ ನನಗೆ ಈಗಲೂ ಪೂರ್ತಿ ಒಲಿದಿಲ್ಲ. ಆದರೆ ಆ ಎಡಗೈ ಏನನ್ನೋ ಕೇಳುತ್ತಿದೆ ಎಂಬುದು ತಿಳಿದಿದೆ. ಪ್ರಶ್ನೆ ಎಂದು ತಿಳಿದ ಮೇಲೆ ಅದನ್ನು ಗದ್ದಲ ಎನ್ನಲು ಬಾಯಿ ಬರುವುದಿಲ್ಲ.