ಪಟ್ಟೆಮಡಿಯ ಜೋಪಾನ: ಧರ್ಮವೋ, ವ್ಯಾಮೋಹವೋ?

ಪೂಜೆಗೆ ಉಡುವ ಪಟ್ಟೆಮಡಿಯನ್ನು ಜತನದಿಂದ ಕಾಪಾಡುವುದು ಧರ್ಮವೋ, ವಸ್ತ್ರವ್ಯಾಮೋಹವೋ? ದೇಹವೇ ಕಳಚಿಡುವ ಬಟ್ಟೆಯಂತೆ ಎಂದು ಗೀತೆ ಸಾರಿರುವಾಗ, ಬಟ್ಟೆಯ ವಿಷಯದಲ್ಲಿ ಇಷ್ಟು ಆಸ್ಥೆಯೇಕೆ ಎಂಬುದು ಪೂರ್ವಪಕ್ಷ.

ಗೀತೆಯ 2ನೆಯ ಅಧ್ಯಾಯದ 22ನೆಯ ಶ್ಲೋಕವನ್ನು ಗಮನಿಸೋಣ. ಅಲ್ಲಿ ಮನುಷ್ಯನು ತ್ಯಜಿಸುವುದು 'ಜೀರ್ಣ'ವಾದ ವಸ್ತ್ರವನ್ನು. ಜೀರ್ಣವಾಗದುದನ್ನು ಅಲಕ್ಷ್ಯದಿಂದ ಕೆಡಿಸಿ ಹೊಸದನ್ನು ಕೊಳ್ಳುವುದು ವೈರಾಗ್ಯವೆನಿಸದು; ಅದು ಭೋಗದ ಇನ್ನೊಂದು ರೂಪವೇ ಸರಿ.

ಸ್ಮೃತಿಕಾರರು ಈ ವಿಷಯವನ್ನು ಕ್ಷುಲ್ಲಕವೆಂದು ಬಗೆಯಲಿಲ್ಲ. ಮನುಸ್ಮೃತಿಯ 5ನೆಯ ಅಧ್ಯಾಯದ ದ್ರವ್ಯಶುದ್ಧಿ ಭಾಗದಲ್ಲಿ ರೇಷ್ಮೆ ಮತ್ತು ಉಣ್ಣೆಗೆ ಚೌಳುಮಣ್ಣು, ಕುತಪವೆಂಬ ಕಂಬಳಿಗೆ ಅಂಟುವಾಳ, ನಯವಾದ ನಾರುಮಡಿಗೆ ಬಿಲ್ವಫಲ, ಕ್ಷೌಮಕ್ಕೆ ಬಿಳಿ ಸಾಸಿವೆ ಎಂದು ಬೇರೆ ಬೇರೆ ವಿಧಿಯಿದೆ. ವಸ್ತುವಿನ ಸ್ವಭಾವವನ್ನರಿತು ನಡೆಯುವುದೂ ಶೌಚದ ಅಂಗವೆಂಬುದು ಇದರ ತಾತ್ಪರ್ಯ.

ಇದಕ್ಕಿಂತ ಗುರುತರವಾದ ವಿಚಾರ ಇನ್ನೊಂದುಂಟು. ಒಂದು ರೇಷ್ಮೆಗೂಡಿನಲ್ಲಿ ನೂರಾರು ಮೀಟರು ಉದ್ದದ ಒಂದೇ ಎಳೆ ಇರುತ್ತದೆ. ಅದು ತುಂಡಾಗದಿರಲೆಂದು ಗೂಡಿನೊಳಗಿನ ಜೀವವನ್ನು ಶಾಖದಿಂದ ಕೊಲ್ಲುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಪತಂಗವು ಹೊರಬಂದ ಬಳಿಕ ನೂಲು ತೆಗೆಯುವ ಅಹಿಂಸಾ ರೇಷ್ಮೆಯೂ ಈಗ ದೊರೆಯುತ್ತದೆ. ಹೊಸದಾಗಿ ಕೊಳ್ಳುವವರು ಅದನ್ನು ಆಲೋಚಿಸಬಹುದು. ಆದರೆ ನಮ್ಮ ಪೆಟ್ಟಿಗೆಯಲ್ಲಿರುವ ಮಡಿಗಾಗಿ ಹೋದ ಜೀವಗಳು ಅದನ್ನು ಎಸೆದ ಮಾತ್ರಕ್ಕೆ ಮರಳಿ ಬಾರವು. ತಂದೆಯ ಮಡಿ ಮಗನಿಗೂ ಒದಗಿದರೆ ಇನ್ನೊಂದರ ಅಗತ್ಯವೇ ತಪ್ಪುತ್ತದೆ. ಆದುದರಿಂದ ಜೋಪಾನವು ಅಹಿಂಸೆಯ ಅಂಗವೆಂದೇ ನಾವು ಭಾವಿಸುತ್ತೇವೆ.

ಪಟ್ಟೆಮಡಿಯನ್ನು ಪ್ರತಿದಿನ ಒಗೆಯಬೇಕಿಲ್ಲವೆಂಬ ರೂಢಿ, ಎಂದೂ ಒಗೆಯದಿರಲು ನೆಪವಾಗಬಾರದು. ಬೆವರು ರೇಷ್ಮೆಯನ್ನು ಶಿಥಿಲಗೊಳಿಸುತ್ತದೆ. ಪೂಜೆಯಾದೊಡನೆ ನೆರಳಿನಲ್ಲಿ ಗಾಳಿಗೆ ಹರವಬೇಕು. ರೇಷ್ಮೆಯೂ ನಮ್ಮ ಕೂದಲಿನಂತೆ ಪ್ರೋಟೀನಿನಿಂದಾದುದು. ಕ್ಷಾರ ಹೆಚ್ಚಾದ ಸಾಬೂನು ಅದಕ್ಕೆ ಹಿತವಲ್ಲ. ತಣ್ಣೀರಿನಲ್ಲಿ ತೆಳುವಾದ ಅಂಟುವಾಳದ ನೊರೆ ಸಾಕು. ಹಿಂಡದೆ, ಬಿಸಿಲಿಗೆ ಹಾಕದೆ ಒಣಗಿಸಿ, ಪ್ಲಾಸ್ಟಿಕ್ ಚೀಲದ ಬದಲು ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು. ಕೆಲವು ತಿಂಗಳಿಗೊಮ್ಮೆ ಮಡಿಕೆಯ ಜಾಗವನ್ನು ಬದಲಿಸದಿದ್ದರೆ ಎಳೆ ಅಲ್ಲಿಯೇ ಸೀಳುತ್ತದೆ. ಮುಂಬಯಿ, ಚೆನ್ನೈಗಳಂತಹ ತೇವದ ಊರುಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ.

ಹಾಗಾದರೆ ವ್ಯಾಮೋಹ ಎಲ್ಲಿ ಆರಂಭವಾಗುತ್ತದೆ? ಮಡಿ ಹರಿದಾಗ ನಮಗಾಗುವ ದುಃಖ ಪೂಜೆಗೆ ಅಡ್ಡಿಯಾಯಿತೆಂದೋ, ಉತ್ಸವದಲ್ಲಿ ನಾಲ್ವರ ಕಣ್ಣಿಗೆ ಬೀಳಲಾಗಲಿಲ್ಲವೆಂದೋ ಎಂದು ಪರೀಕ್ಷಿಸಿಕೊಂಡರೆ ಉತ್ತರ ದೊರೆಯುತ್ತದೆ. ಶ್ರೀಮದಾಚಾರ್ಯರು ಭಾಷ್ಯ ರಚಿಸಿರುವ ಈಶಾವಾಸ್ಯದ ಮೊದಲ ಮಂತ್ರವು ಎಲ್ಲವೂ ಈಶನ ಅಧೀನವೆಂದು ಬೋಧಿಸುತ್ತದೆ. ಪರರ ವಸ್ತುವನ್ನು ಇಟ್ಟುಕೊಂಡವನು ಅದನ್ನು ಕೆಡಿಸುವಂತಿಲ್ಲ, ತನ್ನದೆಂದು ಮೆರೆಯುವಂತೆಯೂ ಇಲ್ಲ. ಇರುವಷ್ಟು ಕಾಲ ಕಾಪಾಡಿ, ಜೀರ್ಣವಾದ ದಿನ ನಿಶ್ಚಿಂತೆಯಿಂದ ಬಿಡುವುದೇ ಗೃಹಸ್ಥನಿಗೆ ಉಚಿತವಾದ ಮಾರ್ಗ.

ಶ್ರೀಕೃಷ್ಣಾರ್ಪಣಮಸ್ತು.